ಸುಳ್ಯದಿಂದ ಚಂದ್ರಗಿರಿಗೆ ದೋಣಿ: ನಾಲ್ಕನೇ ಸಲ ಸರಿಹೋಯಿತು

ಸುಳ್ಯದ ಪಯಸ್ವಿನಿ ಹೊಳೆಯೇ ಕಾಸರಗೋಡಿನ ಕಡೆ ಚಂದ್ರಗಿರಿ. ಅದರಲ್ಲಿ ಮಳೆಗಾಲಕ್ಕೆ ಹೋದರೆ ದೋಣಿ ನಮ್ಮನ್ನು ಒಯ್ಯುತ್ತದೆ, ಬೇಸಿಗೆಗೆ ಹೋದರೆ ನಾವು ದೋಣಿಯನ್ನು ಹೊರಬೇಕು ಎಂದು ನಕ್ಕವರೇ ಹೆಚ್ಚು. ಎರಡೂ ನಿಜವೇ. ಆದರೆ ಸೆಪ್ಟೆಂಬರ್ ಕೊನೆಯಿಂದ ಮೂರು ವಾರದ ಒಂದು ಸಂದು ಇದೆ. ಸುಳ್ಯದಿಂದ ಅಳಿವೆಯ ಹತ್ತಿರದ ಚಂದ್ರಗಿರಿ ಸೇತುವೆಗೆ ತಿರುವುಗಳೂ ಸೇರಿ ಅಂದಾಜು 60 ಕಿ.ಮೀ.; ಮೂರು ಹಗಲು, ಎರಡು ರಾತ್ರಿ.

ಮೊದಲ ಮೂರು ಸಲ ಕೆಟ್ಟದ್ದು ದಿನಕ್ಕೆ 20 ಕಿ.ಮೀ. ಎಂದು ಮೇಲಿನಿಂದ ಭಾಗಿಸಿದ್ದಕ್ಕೆ. ಕೊನೆಯ ದಿನ ಮಧ್ಯಾಹ್ನ ಭರತ, ಪಡುಗಾಳಿ ಎರಡೂ ಎದುರು. ಹುಟ್ಟು ಹಾಕಿದಷ್ಟೂ ದಡದ ತೆಂಗು ಅಲ್ಲೇ. ಈಗ ಲೆಕ್ಕ ಅಳಿವೆಯಿಂದ ಹಿಂದಕ್ಕೆ. ಉಪ್ಪುನೀರು ತಡೆಯಲು ಹೊಳೆಗೆ ಅಡ್ಡ ಕಟ್ಟಿದ ಬಾವಿಕ್ಕರೆಯ ರೆಗ್ಯುಲೇಟರಿನ ಕೆಳಗೆ ಬೆಳಗ್ಗೆ ಆರಕ್ಕೆ ಇಳಿತ ಶುರುವಾಗುವ ದಿನ ಹುಡುಕಿ, ಅದರಿಂದ ಎರಡು ದಿನ ಹಿಂದೆ ಸುಳ್ಯದಲ್ಲಿ ದೋಣಿ ಇಳಿಸುವುದು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಒಂದು ದಿನ ಜಾರಿದರೂ ಬೆಳಗಿನ ತಂಪು ಕೈತಪ್ಪುತ್ತದೆ.

ಖರ್ಚು: 15 ಅಡಿಯ ಹಳೆ ಪಾಲಿಥೀನ್ ದೋಣಿ 38,000, ಎರಡು ಜಾಕೆಟಿಗೆ ನಾಲ್ಕು ಸಾವಿರ ಚಿಲ್ಲರೆ, ಪಿಕಪ್ಪಿಗೆ ಒಂದು ಸಲಕ್ಕೆ 3,500. ನೀರು ಹೋಗದ ಚೀಲಕ್ಕೆ ಸುರಿದ ಐದು ಸಾವಿರ ದಂಡ. ಅಗಲ ಬಾಯಿಯ 30 ಲೀಟರ್ ಡ್ರಮ್ಮು 250 ರೂಪಾಯಿಗೆ ಅದಕ್ಕಿಂತ ಮೇಲು. ನೀರು ಚೆಲ್ಲಲು ಅಡಿಕೆ ಹಾಳೆ.

ಎರಡನೇ ಸಲ ದೋಣಿ ಪಾರೆಗೆ ಅಡ್ಡ ಬಿತ್ತು. ಹಾಗೆ ಬಿದ್ದಾಗ ಎಲ್ಲರೂ ಹೆದರಿ ಮೇಲುನೀರಿನ ಕಡೆ ವಾಲುತ್ತಾರೆ. ಆ ಕಡೆಯ ಅಂಚು ತಗ್ಗಿ ಒಳಗೆ ನೀರು ನುಗ್ಗಿತೆಂದರೆ ಅರ್ಧ ಟನ್ ಭಾರ. ಮತ್ತೆ ಕೈಯಿಂದ ಕದಲದು. ವಾಲಬೇಕಾದ್ದು ಪಾರೆಯ ಕಡೆಗೇ, ಅದನ್ನು ಅಪ್ಪಿಕೊಳ್ಳುವ ಹಾಗೆ. ಬಿರುಕಿಗೆ ಎಂ-ಸೀಲ್ ಮೆತ್ತಿದೆ, ಮರುದಿನ ಚಕ್ಕೆ ಎದ್ದು ಬಂತು. ಪಾಲಿಥೀನಿಗೆ ಅಂಟು ಹಿಡಿಯುವುದಿಲ್ಲ. ಸೋಲ್ಡರಿಂಗ್ ಐರನ್ನಿನಿಂದ ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿ ಕರಗಿಸಿ ಬೆಸೆದದ್ದು ಇವತ್ತಿಗೂ ನಿಂತಿದೆ.

ಪಾರೆಗಿಂತ ಅಪಾಯ ತಿರುವಿನ ಹೊರದಡದಲ್ಲಿ ಬಾಗಿದ ಬಿದಿರ ಮೆಳೆ: ನೀರು ಸೋಸಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಅಲ್ಲೆಲ್ಲ ಒಳದಡ ಹಿಡಿಯುವುದು. ಅಬ್ಬಿಯ ಸದ್ದು ಕೇಳಿ ಮುಂದಿನ ನೀರು ಕಾಣದಿದ್ದರೆ ಇಳಿದು ನೋಡುವುದು. ಸಂಶಯವಿದ್ದರೆ ಮುಂದೆ ಹಿಂದೆ ಹಗ್ಗ ಕಟ್ಟಿ ಖಾಲಿ ದೋಣಿಯನ್ನು ದಡದಿಂದಲೇ ಇಳಿಸುವುದು. 10 ಎಂ.ಎಂ.ನ ತೇಲುವ ಹಗ್ಗ, 20 ಮೀಟರಿನ ಎರಡು ತುಂಡು. ನೈಲಾನ್ ಮುಳುಗಿ ಕಲ್ಲಿನ ಸಂದಿಗೆ ಸಿಕ್ಕುತ್ತದೆ.

ನಡುವೆ ಅಡಿಕೆ ಮರದ ಸಲಾಕೆಯಿಂದ ಜಲ್ಲೆ, ಅಂದರೆ ದೋಣಿ ತಳ್ಳುವ ಕೋಲು, ಮಾಡಿ ನೋಡಿದೆ. ಕಲ್ಲಿನೆಡೆಗೆ ಸಿಕ್ಕಿದ ಕೂಡಲೇ ಸೀಳು, ಅಂಗೈ ತುಂಬ ಸಿಬಿರು. ಬುಡಕ್ಕೆ ಕಬ್ಬಿಣದ ಬಳೆ ಹಾಕಿದ ಮೂರು ಮೀಟರ್ ಬಿದಿರೇ ಸರಿ.

ರಾತ್ರಿ ಮರಳ ದಿಬ್ಬದಲ್ಲಿ ಮಲಗುವ ಆಸೆ ಬೇಡ. ದೇಲಂಪಾಡಿ, ಕಾರಡ್ಕ ಕಡೆ ಆನೆ ಇಳಿಯುತ್ತದೆ. ಮೊದಲೇ ಕೇಳಿಟ್ಟು ಯಾರದಾದರೂ ಅಂಗಳಕ್ಕೆ ಹತ್ತುವುದು ಒಳ್ಳೆಯದು. ಅಕ್ಟೋಬರಿನ ಸಂಜೆ ಗುಡುಗು ಕೊಡಗಿನಲ್ಲಿ, ನೀರು ಇಲ್ಲಿ. ದಡಕ್ಕೆ ಬಂದ ಕೂಡಲೇ ನೀರಂಚಿಗೆ ಒಂದು ಕಡ್ಡಿ ಚುಚ್ಚುತ್ತೇನೆ. ಕಾಲು ಗಂಟೆಯಲ್ಲಿ ಎರಡು ಬೆರಳು ಏರಿದರೆ, ನೊರೆಯೊಟ್ಟಿಗೆ ತರಗೆಲೆ ತೇಲಿಬಂದರೆ, ಅನ್ನ ಅರ್ಧ ಬೆಂದಿದ್ದರೂ ದೋಣಿ ಮೇಲಕ್ಕೆ.

ಬಾವಿಕ್ಕರೆಯ ರೆಗ್ಯುಲೇಟರಿನ ಶಟರ್ ತೆರೆದಿದ್ದರೂ ನುಗ್ಗಬಾರದು. ಕೆಳಗಿನ ಸುಳಿ ದೋಣಿಯನ್ನು ಹಿಂದಕ್ಕೆ ಎಳೆದು ಅಲ್ಲೇ ಉರುಳಿಸುತ್ತಿರುತ್ತದೆ. ನೂರು ಮೀಟರ್ ಮೇಲೆಯೇ ದಡ ಹತ್ತಿ, ಸಾಮಾನು ಬೇರೆ, ದೋಣಿ ಬೇರೆ ಎಂದು ಹೊತ್ತರೆ ಮುಕ್ಕಾಲು ಗಂಟೆ. ಈ ಕೆಲಸ ಎರಡನೇ ಸಂಜೆಯೇ ಮುಗಿಯಬೇಕು. ಹಾಗಾದರೆ ಬೆಳಗ್ಗೆ ಆರಕ್ಕೆ ಇಳಿತ ಹಿಡಿದು, ಗಾಳಿ ಏಳುವ ಮೊದಲು, ಹತ್ತೂವರೆಗೆಲ್ಲ ಚಂದ್ರಗಿರಿ ಸೇತುವೆಯ ಕೆಳಗೆ. ಪಿಕಪ್ಪಿನವನಿಗೆ ಹತ್ತು ಗಂಟೆಯೆಂದೇ ಹೇಳಿಡುತ್ತೇನೆ. ಅವನು ಬರುವುದು ಹೇಗೂ ಹನ್ನೊಂದಕ್ಕೆ.