ಚಾಂಗ್‌ಥಾಂಗ್‌ನಲ್ಲಿ ಹಿಮ ಅಳೆಯುವ ಮುನ್ನ ಸುಳ್ಳು ಹಿಮ ತೆಗೆಯಬೇಕು

ಲಡಾಖ್‌ನ ಚಾಂಗ್‌ಥಾಂಗ್ ಮೇಲೆ ಮೋಡ ಕವಿದ ದಿನಗಳಲ್ಲಿ ಹಿಮ ಅಳೆಯಲು ನಾನು ಜಪಾನಿನ ಶಿಜುಕು ಉಪಗ್ರಹದಲ್ಲಿರುವ ಎಎಂಎಸ್‌ಆರ್2 ಎಂಬ ಉಪಕರಣದ ದತ್ತಾಂಶ ಬಳಸಿದೆ. ನೆಲ ತಾನಾಗಿ ಹೊರಸೂಸುವ ಮೈಕ್ರೋವೇವ್ ಅನ್ನು ಅದು ಅಳೆಯುತ್ತದೆ. ಒಣ ಹಿಮದ ಹರಳುಗಳು 36.5 ಗಿಗಾಹರ್ಟ್ಸ್ ಅಲೆಗಳನ್ನು ಹೆಚ್ಚು ಚದುರಿಸುತ್ತವೆ, 18.7ರದ್ದನ್ನು ಕಡಿಮೆ. ಈ ಎರಡರ ವ್ಯತ್ಯಾಸದಿಂದಲೇ ಲೆಕ್ಕ ಶುರು.

ಉಪಗ್ರಹ ರಾತ್ರಿ 1.30ರ ಸುಮಾರಿಗೆ ಹಾದುಹೋಗುವಾಗಿನ ದತ್ತಾಂಶ ಮಾತ್ರ ಸಾಕು. ಮಧ್ಯಾಹ್ನದ ಬಿಸಿಲಿಗೆ ಮೇಲ್ಪದರ ತೇವವಾದರೆ ಚದುರಿಕೆಯ ಗುರುತು ಅಳಿದು, ಹಿಮವಿದ್ದರೂ ಬರಿನೆಲದಂತೆ ತೋರುತ್ತದೆ.

ಫೈಲಿನ ಅಂಕಿಗಳನ್ನು 0.01ರಿಂದ ಗುಣಿಸಿದರೆ ಹೊರಸೂಸುವಿಕೆಯ ತೀವ್ರತೆ ಕೆಲ್ವಿನ್‌ನಲ್ಲಿ (ಉಷ್ಣತೆಯ ಮಾನ) ಬರುತ್ತದೆ. ಅದಕ್ಕೂ ಮೊದಲು, ದತ್ತಾಂಶ ಇಲ್ಲ ಅಥವಾ ದೋಷವಿದೆ ಎಂದು ಸೂಚಿಸುವ 65535 ಮತ್ತು 65534 ಇರುವ ಕಡೆ ಖಾಲಿ ಮಾಡಿ. ಎರಡೂ ಚಾನೆಲ್‌ನಲ್ಲಿ 65535 ಇದ್ದರೆ ಕಳೆದಾಗ ಸೊನ್ನೆ ಉಳಿಯುತ್ತದೆ, ನಕ್ಷೆಯಲ್ಲಿ ಅದು 'ಹಿಮವಿಲ್ಲ' ಎಂದಾಗುತ್ತದೆ. ಈ ಅಕ್ಷಾಂಶದಲ್ಲಿ ಉಪಗ್ರಹ ನೋಡುವ ನೆಲದ ಪಟ್ಟಿಗಳ ನಡುವೆ ಸಂದು ಬೀಳುವುದರಿಂದ ಇದು ಪದೇಪದೇ ಎದುರಾಗುತ್ತದೆ. ನಾನು ಐದು ರಾತ್ರಿಗಳ ಮಧ್ಯಾಂಕ ತೆಗೆದುಕೊಂಡೆ.

ಹೆಚ್ಚು ಸಮಯ ಹಿಡಿದದ್ದು ಮುಂದಿನ ಹಂತ. ಹೆಪ್ಪುಗಟ್ಟಿದ ನೆಲ, ಒಣ ಮರುಭೂಮಿ, ಮಳೆ ಮೂರೂ ಹಿಮದಂತೆಯೇ ಚದುರಿಸುತ್ತವೆ. ಇವನ್ನು ಬೇರ್ಪಡಿಸಲು ಸಂಶೋಧಕರಾದ ಗ್ರೋಡಿ ಮತ್ತು ಬೇಸಿಸ್ಟ್ 1996ರಲ್ಲಿ ಕೊಟ್ಟ ಸೋಸುವ ಕ್ರಮ ಹಿಡಿದೆ. ಶೀತ ಮರುಭೂಮಿಗೆ ಅವರ ಗುರುತು: 19 ಗಿಗಾಹರ್ಟ್ಸ್‌ನಲ್ಲಿ ಲಂಬ ಮತ್ತು ಅಡ್ಡ ಧ್ರುವೀಕರಣದ (ಅಲೆ ಕಂಪಿಸುವ ದಿಕ್ಕು) ಅಂತರ 18 ಕೆಲ್ವಿನ್ ಅಥವಾ ಹೆಚ್ಚು, ಜೊತೆಗೆ ಚದುರಿಕೆ ಕಡಿಮೆ. ಆ ಮಿತಿಗಳು ಬೇರೆ ಉಪಕರಣಕ್ಕೆ ಹೊಂದಿಸಿದವು. ಹಾಗಾಗಿ ಬರಿನೆಲವೆಂದು ಖಚಿತವಿರುವ ರಾತ್ರಿಗಳಲ್ಲಿ ಮೊದಲು ಓಡಿಸಿ ನೋಡಿ, ಅಲ್ಲೂ ಹಿಮ ತೋರಿದರೆ ಮಿತಿ ಸರಿಪಡಿಸಿ. 18.7ರಲ್ಲಿ ಒಂದು ನೋಟ ಸುಮಾರು 14×22 ಕಿ.ಮೀ. ನೆಲವನ್ನು ಆವರಿಸುತ್ತದೆ, ಆದ್ದರಿಂದ ಸರೋವರದ ನೀರು ನೋಟದಲ್ಲಿ ಬೆರೆಯದಂತೆ ಪ್ಯಾಂಗಾಂಗ್, ತ್ಸೋ ಮೊರಿರಿ ದಡದಿಂದ 22 ಕಿ.ಮೀ.ವರೆಗಿನ ಪಿಕ್ಸೆಲ್‌ಗಳನ್ನು ಪೂರ್ತಿ ಕೈಬಿಟ್ಟೆ.

ಹಿಮದ ಆಳಕ್ಕೆ ಸಂಶೋಧಕ ಚಾಂಗ್ ಮತ್ತು ಸಂಗಡಿಗರ 1987ರ ಸೂತ್ರ: ಅಡ್ಡ ಧ್ರುವೀಕರಣದಲ್ಲಿ ಎರಡು ಆವರ್ತನಗಳ ವ್ಯತ್ಯಾಸವನ್ನು 1.59ರಿಂದ ಗುಣಿಸಿದರೆ ಆಳ ಸೆಂಟಿಮೀಟರ್‌ನಲ್ಲಿ. ಉದಾಹರಣೆಗೆ 18.7ರ 235ರಿಂದ 36.5ರ 221 ಕಳೆದರೆ 14 ಕೆಲ್ವಿನ್, ಅಂದರೆ ಸುಮಾರು 22 ಸೆಂ.ಮೀ. ಹಿಮ. ಕರಗಿದರೆ 67 ಮಿ.ಮೀ. ನೀರು. ಹರಳಿನ ತ್ರಿಜ್ಯ 0.3 ಮಿ.ಮೀ., ಸಾಂದ್ರತೆ ಘನ ಸೆಂ.ಮೀ.ಗೆ 0.3 ಗ್ರಾಂ ಎಂದು ಸೂತ್ರ ನಂಬಿದೆ. ಚಾಂಗ್‌ಥಾಂಗ್‌ನ ತೆಳು ಹಿಮದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಮೇಲೆ ಕೊರೆಯುವ ಚಳಿ, ಅಡಿಯಲ್ಲಿ ಅದಕ್ಕಿಂತ ಬೆಚ್ಚಗಿನ ನೆಲ, ನಡುವೆ ಒಂದಷ್ಟು ಸೆಂಟಿಮೀಟರ್ ಹಿಮ: ಆವಿ ಮೇಲಕ್ಕೆ ಹೋಗುತ್ತ ಅಡಿಯ ಹರಳುಗಳು ದಪ್ಪವಾಗುತ್ತವೆ, ಚದುರಿಕೆ ಏರುತ್ತದೆ. ಹೊಸ ಹಿಮ ಬೀಳದೆಯೇ ಆಳ ವಾರದಿಂದ ವಾರಕ್ಕೆ ಹೆಚ್ಚಿದಂತೆ ಕಾಣುತ್ತದೆ. ಅಂಥ ವಾರಗಳಲ್ಲಿ ನಾನು ಆಳದ ಅಂಕಿ ಕೊಡುವುದಿಲ್ಲ, ಹಿಮ ಇದೆ ಅಥವಾ ಇಲ್ಲ ಎಂಬ ನಕ್ಷೆಯನ್ನಷ್ಟೇ ಕೊಡುತ್ತೇನೆ.