ಅವರು ನುಂಗಿದಾಗಲೇ ನಳಿಕೆ ಮುಂದಕ್ಕೆ

ಮೆಡಿಕಲ್ ವಾರ್ಡಿನ ನರ್ಸ್ ನಾನು. ಲಕ್ವ ಹೊಡೆದು ಸರಿಯಾಗಿ ನುಂಗಲಾಗದವರಿಗೆ ಆಹಾರ ಕೊಡಲು ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಎಂಬ ನಳಿಕೆ ಇಳಿಸುವುದು ನನಗೆ ಹೆಚ್ಚುಕಡಿಮೆ ದಿನದ ಕೆಲಸ.

ಮೊದಮೊದಲು ಅವಸರ ಮಾಡುತ್ತಿದ್ದೆ. ಒಂದು ರಾತ್ರಿ ಅಜ್ಜಿಯೊಬ್ಬರಿಗೆ ಟ್ಯೂಬ್ ಸರಾಗವಾಗಿ ಹೋಯಿತು ಅಂದುಕೊಂಡೆ. ಸಿರಿಂಜಿನಿಂದ ಎಳೆದರೆ ಏನೂ ಬರಲಿಲ್ಲ. ಟಾರ್ಚ್ ಬಿಟ್ಟು ಬಾಯಿ ನೋಡಿದರೆ, ಟ್ಯೂಬ್ ಗಂಟಲ ಹಿಂದೆ ಸುರುಳಿ ಸುತ್ತಿಕೊಂಡಿತ್ತು. ಅಜ್ಜಿಯ ಕಣ್ಣಲ್ಲಿ ನೀರು. ಅವತ್ತಿನಿಂದ ನನ್ನ ಕೈ ನಿಧಾನವಾಯಿತು.

ಹೋದ ವಾರ ಒಬ್ಬ ಅಜ್ಜನಿಗೆ ಹಾಕಿದೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, "ಅಜ್ಜ, ಮೂಗಿಂದ ಸಣ್ಣ ಪೈಪ್ ಹಾಕ್ತೀನಿ. ತಡ್ಕೊಳ್ಳೋಕಾಗ್ಲಿಲ್ಲ ಅಂದ್ರೆ ಕೈ ಎತ್ತಿ, ನಿಲ್ಲಿಸ್ತೀನಿ" ಅಂದೆ. ಅಳತೆ ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ. ಜೆಲ್ಲಿ ಸವರಿದ 14 ನಂಬರ್ ಟ್ಯೂಬನ್ನು ನೇರ ಹಿಂದಕ್ಕೆ ತಳ್ಳಬೇಕು, ಮೇಲಕ್ಕಲ್ಲ. ಗಂಟಲು ಮುಟ್ಟಿದಾಗ ಓಕರಿಕೆ ಬಂತು. ಅಲ್ಲೇ ನಿಲ್ಲಿಸಿ, ಗದ್ದ ಸ್ವಲ್ಪ ಬಗ್ಗಿಸಿ, "ಎಂಜಲು ನುಂಗಿ ಅಜ್ಜ" ಅಂದೆ. ಗಂಟಲ ಮಣಿ ಮೇಲೆದ್ದಿತು. ಆ ಕ್ಷಣಕ್ಕೆ ಒಂದಿಷ್ಟು ಒಳಗೆ. ಮತ್ತೆ ಕಾದೆ. ಮತ್ತೆ ನುಂಗಿದರು, ಮತ್ತಷ್ಟು ಹೋಯಿತು. ಚೆನ್ನಾಗಿ ನುಂಗುವವರಿಗೆ ಗುಟುಕು ನೀರು ಕೊಡಬಹುದು. ಲಕ್ವದವರಿಗೆ ಕೊಡುವುದಿಲ್ಲ, ಶ್ವಾಸಕೋಶಕ್ಕೆ ಇಳಿದೀತು. ಕೆಮ್ಮು ಜಾಸ್ತಿಯಾದರೆ, ದನಿ ಹೊರಡದಿದ್ದರೆ ತಕ್ಷಣ ಹೊರಗೆಳೆಯಬೇಕು.

ಟ್ಯೂಬಿಗೆ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವುದನ್ನು ನಮಗೆ ಕಲಿಸಿದ್ದರು. ಈಗ ನಾನು ಅದನ್ನು ನಂಬುವುದಿಲ್ಲ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಶಬ್ದ ಕೇಳಿಸಬಹುದು. ಹೊಟ್ಟೆಯ ರಸ ಎಳೆದು, ಆಮ್ಲ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿಗೆ ಹಾಕುತ್ತೇನೆ. 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ರಸ ಬರದಿದ್ದರೆ, ಅನುಮಾನ ಉಳಿದರೆ ಎಕ್ಸ್‌ರೇ. ಅದನ್ನು ಡಾಕ್ಟರ್ ನೋಡುವವರೆಗೆ ಒಂದು ಹನಿಯೂ ಹಾಕುವುದಿಲ್ಲ, ಮನೆಯವರು ಎಷ್ಟೇ ಅವಸರ ಮಾಡಲಿ.

ಟ್ಯೂಬ್ ಜಾರಿದರೆ ಗೊತ್ತಾಗಲೆಂದು ಮೂಗಿನ ಹತ್ತಿರ ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಅಜ್ಜನ ಮಗಳಿಗೆ ತೋರಿಸಿದೆ. ರಾಗಿ ಗಂಜಿ ಶೋಧಿಸುವುದನ್ನು, ಹಾಕಿದ ಮೇಲೆ ನೀರು ಬಿಟ್ಟು ಟ್ಯೂಬ್ ತೊಳೆಯುವುದನ್ನು, ಆಮೇಲೆ ಅರ್ಧ ಗಂಟೆಯಾದರೂ ಅವರನ್ನು ಮಲಗಿಸದಿರುವುದನ್ನು ಹೇಳಿಕೊಟ್ಟೆ.

ಮೂರನೇ ದಿನ ಆ ಮಗಳು ಗಂಜಿ ಲೋಟ ಹಿಡಿದುಕೊಂಡೇ ನನ್ನ ಟೇಬಲ್ ಹತ್ತಿರ ಬಂದರು. "ಸಿಸ್ಟರ್, ಗೆರೆ ಎರಡು ಬೆರಳು ಹೊರಗೆ ಬಂದಿದೆ. ನಾನಿನ್ನೂ ಹಾಕಿಲ್ಲ."