ಅಮ್ಮನ ತೊಡೆ ನೋವು ಮತ್ತು ಭಾನುವಾರದ ಮಾತ್ರೆ

ಮಂಡ್ಯದ ಮನೆಯಲ್ಲಿ ಅಮ್ಮ ಎಂಟು ವರ್ಷ ಪ್ರತಿ ಭಾನುವಾರ ಖಾಲಿ ಹೊಟ್ಟೆಗೆ ಮೂಳೆ ಸವೆತದ (ಆಸ್ಟಿಯೊಪೊರೋಸಿಸ್) ಮಾತ್ರೆ ಅಲೆಂಡ್ರೊನೇಟ್ 70 ಮಿ.ಗ್ರಾಂ ನುಂಗಿ, ಅರ್ಧ ಗಂಟೆ ಮಲಗದೆ ಕೂತಿರುತ್ತಿದ್ದರು. ಆಮೇಲೆ ಬಲತೊಡೆ ನೋವು ಶುರುವಾಯಿತು. ಹೊಸಿಲು ದಾಟುವಾಗ ಬಾಗಿಲು ಹಿಡಿಯುತ್ತಿದ್ದರು. ವಯಸ್ಸಾಯ್ತಲ್ಲ ಅಂತ ಎರಡು ತಿಂಗಳು ಎಣ್ಣೆ ತಿಕ್ಕಿದೆವು. ಅದೇ ನಮ್ಮ ತಪ್ಪು.

ಮೂಳೆ ಸವೆತಕ್ಕೆ ಈ ಜಾತಿಯ ಮಾತ್ರೆ ವರ್ಷಗಟ್ಟಲೆ ತಗೊಂಡವರಲ್ಲಿ, ಅಪರೂಪಕ್ಕೆ, ಬೀಳದಿದ್ದರೂ ತೊಡೆಮೂಳೆ ಬಿರುಕು ಬಿಡುತ್ತದೆ. ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದ ನೋವು ಮೊದಲೇ ಬರಬಹುದು. ಬಂದರೆ ಕಾಯಬೇಡಿ. ಮೂಳೆ ಡಾಕ್ಟರಿಗೆ ತೋರಿಸುವ ತನಕ ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ, ಮೆಟ್ಟಿಲಂತೂ ಬೇಡವೇ ಬೇಡ.

ಮೈಸೂರಿನ ಡಾಕ್ಟರ್ ಮೊದಲು ಕೇಳಿದ್ದು: ಯಾವ ಮಾತ್ರೆ, ಎಷ್ಟು ವರ್ಷ? ಹಳೇ ಚೀಟಿ ಜೊತೆಗಿರಲಿ. ಸೊಂಟದ ಎಕ್ಸ್‌ರೇ ಸಾಲದು. ಎರಡೂ ತೊಡೆಮೂಳೆಯ ಪೂರ್ತಿ ಎಕ್ಸ್‌ರೇ ತೆಗೆಸಿ, ಇನ್ನೊಂದು ಕಾಲಲ್ಲೂ ಬಿರುಕಿರಬಹುದು. ಏನೂ ಕಾಣದೆ ನೋವು ಉಳಿದರೆ ಎಂಆರ್‌ಐ ಬಗ್ಗೆ ಕೇಳಿ.

ನೋವಿಲ್ಲದವರು ಸುಮ್ನೆ ಹೆದರಿ ಮಾತ್ರೆ ಬಿಡಬೇಡಿ. ಅದು ತಡೆಯುವ ಮುರಿತಗಳೇ ಜಾಸ್ತಿ. ಐದು ವರ್ಷವಾಗಿದ್ದರೆ, ಸ್ವಲ್ಪ ಕಾಲ ಬಿಡುವು ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಮೂಳೆ ಸವೆತಕ್ಕೇ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ನಿನ ಕತೆ ಬೇರೆ: ಅದನ್ನು ದಿಢೀರ್ ನಿಲ್ಲಿಸಿದರೆ ಬೆನ್ನುಮೂಳೆ ಮುರಿಯುವ ಅಪಾಯವಿದೆ.